ಸ್ಟಾರ್ ಸಿನಿಮಾವೋ, ಸ್ವತಂತ್ರ ಸಿನಿಮಾವೋ: ಚಿತ್ರಕತೆ ಹಿಡಿದು ಗಾಂಧಿನಗರಕ್ಕೆ ಹೊರಡುವ ಮುನ್ನ ಹಾಕಬೇಕಾದ ಲೆಕ್ಕ

ಚಿತ್ರಕತೆಯೊಂದನ್ನು ಬರೆದು ಮುಗಿಸಿ ಬೆಂಗಳೂರಿನಲ್ಲಿ ಹಣ ಹಾಕುವವರನ್ನು ಹುಡುಕಲು ಹೊರಟವರಿಗೆ ಮೊದಲು ಸಿಗುವ ಸಲಹೆ, ‘ಮಾಡಿದರೆ ದೊಡ್ಡದಾಗಿ ಮಾಡು, ಇಲ್ಲವೇ ತೀರ ಚಿಕ್ಕದಾಗಿ ಮಾಡು, ನಡುವೆ ಸಿಕ್ಕಿಹಾಕಿಕೊಳ್ಳಬೇಡ’ ಎಂಬುದು. ಸಲಹೆ ತಪ್ಪೇನಲ್ಲ, ಆದರೆ ಅದು ಎರಡು ಬಗೆಯ ಚಿತ್ರಗಳ ಅಂತರವನ್ನು ಬಜೆಟ್ಟಿನ ಗಾತ್ರದಲ್ಲಿ ಮಾತ್ರ ಅಳೆಯುತ್ತದೆ. ಹಾಕಿದ ಹಣ ಯಾವಾಗ ಹಿಂದಿರುಗಬೇಕು ಮತ್ತು ಹಿಂದಿರುಗದಿದ್ದರೆ ಆ ನಷ್ಟ ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದರಲ್ಲಿ ನಿಜವಾದ ಅಂತರ ಇದೆ ಎಂದು ನನಗೆ ಅನ್ನಿಸುತ್ತದೆ. ಸ್ಟಾರ್ ಚಿತ್ರವು ತನ್ನ ಬಂಡವಾಳದ ಬಹುಪಾಲನ್ನು ಹಕ್ಕುಗಳ ಮಾರಾಟದ ಮೂಲಕ ಬಿಡುಗಡೆಗೆ ಮೊದಲೇ ಕೂಡಿಸಿಕೊಳ್ಳಲು ನೋಡುತ್ತದೆ. ಸ್ವತಂತ್ರ ಚಿತ್ರಕ್ಕೆ, ಅಂದರೆ ಸ್ಟಾರ್ ಆಗಲಿ ದೊಡ್ಡ ಸಂಸ್ಥೆಯಾಗಲಿ ಇಲ್ಲದೆ ಮಾಡುವ ಚಿತ್ರಕ್ಕೆ, ಹಣ ಬರುವುದು, ಬಂದರೆ, ಬಿಡುಗಡೆಯಾದ ಮೇಲೆ. ಯಾರನ್ನು ನಾಯಕನ ಪಾತ್ರಕ್ಕೆ ಆರಿಸಬೇಕು, ಪ್ರಚಾರಕ್ಕೆ ಎಷ್ಟು ಎತ್ತಿಡಬೇಕು, ಎಷ್ಟು ಚಿತ್ರಮಂದಿರಗಳನ್ನು ಹಿಡಿಯಬೇಕು ಎಂಬ ತೀರ್ಮಾನಗಳೆಲ್ಲ ಈ ಒಂದು ಸಂಗತಿಯನ್ನೇ ಹಿಂಬಾಲಿಸುತ್ತವೆ.

ಹಣ ಎಲ್ಲಿಂದ ಬರುತ್ತದೆ

ದೊಡ್ಡ ಚಿತ್ರದ ಹಣಕಾಸು ಶುರುವಾಗುವುದು ನಾಯಕನಟನ ಕಾಲ್‌ಶೀಟಿನಿಂದ, ಅಂದರೆ ಚಿತ್ರೀಕರಣಕ್ಕೆ ಅವರು ಕೊಡುವ ದಿನಾಂಕಗಳಿಂದ. ಮಾರುಕಟ್ಟೆಯಿರುವ ನಟರೊಬ್ಬರು ಒಪ್ಪಿದ್ದಾರೆ ಎಂಬ ಸುದ್ದಿ ಹೊರಬಿದ್ದ ಕೂಡಲೇ ಫೈನಾನ್ಶಿಯರ್ ಬಡ್ಡಿಗೆ ಹಣ ಬಿಡಲು ಮುಂದಾಗುತ್ತಾರೆ, ಆಡಿಯೊ ಕಂಪನಿ ಹಾಡುಗಳಿಗೆ ಮುಂಗಡ ಕೊಡುತ್ತದೆ, ಟಿವಿ, ಒಟಿಟಿ ಮತ್ತು ಡಬ್ಬಿಂಗ್ ಹಕ್ಕುಗಳ ಮಾತುಕತೆ ಆರಂಭವಾಗುತ್ತದೆ. ಅನಂತರ ವಿತರಣೆಯ ಸರದಿ. ಕರ್ನಾಟಕವನ್ನು ವಿತರಕರು ಇಂದಿಗೂ ಹಳೆಯ ಏರಿಯಾಗಳ ಲೆಕ್ಕದಲ್ಲೇ ನೋಡುತ್ತಾರೆ: ಬೆಂಗಳೂರು, ಕೋಲಾರ, ತುಮಕೂರು ಸೇರಿ ಬಿಕೆಟಿ ಎಂಬ ಒಂದು ಏರಿಯಾ, ಮೈಸೂರು, ಮಂಡ್ಯ, ಕೊಡಗು, ಹಾಸನದ ಸೀಮೆ ಇನ್ನೊಂದು, ಹೀಗೆ. ಏರಿಯಾವಾರು ಒಪ್ಪಂದಗಳಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ವಿತರಕರು ಹಕ್ಕನ್ನು ಪೂರ್ತಿಯಾಗಿ ಕೊಂಡುಕೊಂಡರೆ ಲಾಭವೂ ಅವರದ್ದು, ನಷ್ಟವೂ ಅವರದ್ದು. ಎಂ.ಜಿ., ಅಂದರೆ ಮಿನಿಮಮ್ ಗ್ಯಾರಂಟಿ ಕೊಟ್ಟರೆ ಆ ಮೊತ್ತ ನಿರ್ಮಾಪಕರಿಗೆ ಖಚಿತ, ಅದನ್ನು ಮೀರಿ ಬಂದದ್ದರಲ್ಲಿ ಇಬ್ಬರಿಗೂ ಪಾಲು. ಕಮಿಷನ್ ಆಧಾರದಲ್ಲಿ ಬಿಡುಗಡೆ ಮಾಡಿದರೆ ವಿತರಕರು ತಮ್ಮ ಶೇಕಡಾವಾರು ಹಣವನ್ನು ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಾರೆ, ನಷ್ಟವಾದರೆ ಅದು ಪೂರ್ತಿ ನಿರ್ಮಾಪಕರ ಗಂಟಿನಿಂದ ಹೋಗುತ್ತದೆ. ಹೊಸಬರ ಚಿತ್ರಕ್ಕೆ ಸಾಮಾನ್ಯವಾಗಿ ಸಿಗುವುದು ಈ ಮೂರನೆಯದು, ಅದೂ ಪ್ರಚಾರದ ಖರ್ಚನ್ನು ನಿರ್ಮಾಪಕರೇ ಹೊರುವ ಷರತ್ತಿನ ಮೇಲೆ. ‘ನಮ್ಮ ಚಿತ್ರಕ್ಕೆ ವಿತರಕರು ಸಿಕ್ಕಿದ್ದಾರೆ’ ಎಂದು ಯಾರಾದರೂ ಸಂಭ್ರಮದಿಂದ ಹೇಳಿದಾಗ, ಈ ಮೂರರಲ್ಲಿ ಯಾವುದು ಎಂದು ಕೇಳಿಬಿಡಬೇಕು. ಅರ್ಧ ಸಂಭ್ರಮ ಅಲ್ಲೇ ಇಳಿಯುವುದುಂಟು.

ಫೈನಾನ್ಶಿಯರ್ ಕೊಡುವ ಹಣಕ್ಕೆ ಗಡಿಯಾರವಿದೆ. ಫಿಲ್ಮ್ ರೀಲಿನ ಕಾಲದಲ್ಲಿ ಲ್ಯಾಬಿನಲ್ಲಿರುತ್ತಿದ್ದ ನೆಗೆಟಿವ್ ಮೇಲೆಯೇ ಅವರ ಹಿಡಿತವಿರುತ್ತಿತ್ತು, ಸಾಲ ತೀರದೆ ಪ್ರಿಂಟ್ ಹೊರಬರುತ್ತಿರಲಿಲ್ಲ. ಈಗ ನೆಗೆಟಿವ್ ಇಲ್ಲ, ಆದರೆ ಬಿಡುಗಡೆಯ ಹಿಂದಿನ ರಾತ್ರಿ ಬಾಕಿ ಚುಕ್ತಾ ಮಾಡಿ ಒಪ್ಪಿಗೆ ಪತ್ರ ಪಡೆಯುವ ಧಾವಂತ ಹಾಗೆಯೇ ಉಳಿದಿದೆ. ಶೂಟಿಂಗ್ ಒಂದು ತಿಂಗಳು ಮುಂದಕ್ಕೆ ಹೋದರೆ ಬಡ್ಡಿಯೂ ಒಂದು ತಿಂಗಳು ಬೆಳೆಯುತ್ತದೆ. ದೊಡ್ಡ ಚಿತ್ರಗಳು ಬಿಡುಗಡೆಯ ದಿನಾಂಕವನ್ನು ಮೊದಲೇ ಘೋಷಿಸಿ, ಆ ದಿನಾಂಕಕ್ಕೆ ಜೋತುಬೀಳುವುದರ ಹಿಂದೆ ಹಬ್ಬದ ರಜೆಯ ಆಸೆಯಷ್ಟೇ ಅಲ್ಲದೆ ಈ ಬಡ್ಡಿಯ ಒತ್ತಡವೂ ಇರುತ್ತದೆ. ಕೇಂದ್ರ ಸರ್ಕಾರ 1998ರಲ್ಲಿ ಚಲನಚಿತ್ರಕ್ಕೆ ಉದ್ಯಮದ ಮಾನ್ಯತೆ ನೀಡಿತು. ರಾಜ್ಯದ 2025ರ ಬಜೆಟ್ಟಿನಲ್ಲಿಯೂ ಅಂಥದೇ ಘೋಷಣೆ ಬಂದಿತು. ಆದರೂ ಆಸ್ತಿಯ ಅಡಮಾನವಿಲ್ಲದ ಹೊಸ ನಿರ್ಮಾಪಕರಿಗೆ ಬ್ಯಾಂಕಿನ ಬಾಗಿಲು ತೆರೆಯುವುದು ಅಪರೂಪ.

ಇನ್ನು ಒಟಿಟಿ. ಕೋವಿಡ್ ಕಾಲದಲ್ಲಿ, 2020ರ ಜುಲೈನಲ್ಲಿ, ‘ಲಾ’ ಚಿತ್ರ ಚಿತ್ರಮಂದಿರಕ್ಕೆ ಬಾರದೆ ನೇರವಾಗಿ ಅಮೆಜಾನ್ ಪ್ರೈಮ್‌ನಲ್ಲಿ ಬಿಡುಗಡೆಯಾದಾಗ, ಚಿಕ್ಕ ಚಿತ್ರಗಳಿಗೆ ಇನ್ನು ಚಿತ್ರಮಂದಿರದ ಹಂಗಿಲ್ಲ ಎಂಬ ನಂಬಿಕೆ ಹುಟ್ಟಿತ್ತು. ಆ ನಂಬಿಕೆ ಹೆಚ್ಚು ದಿನ ಬಾಳಲಿಲ್ಲ. ಕನ್ನಡ ಚಿತ್ರಗಳಿಗೆ ಬಿಡುಗಡೆಗೆ ಮೊದಲೇ ಒಟಿಟಿ ಒಪ್ಪಂದ ದೊರೆಯುವುದು ಕಷ್ಟವಾಗಿದೆ ಎಂದು ನಿರ್ಮಾಪಕರು ಬಹಿರಂಗವಾಗಿಯೇ ಹೇಳುತ್ತ ಬಂದಿದ್ದಾರೆ. ರಕ್ಷಿತ್ ಶೆಟ್ಟಿಯವರ ಸಂಸ್ಥೆ ‘ಏಕಂ’ ಸರಣಿಯನ್ನು 2024ರಲ್ಲಿ ತನ್ನದೇ ಜಾಲತಾಣದ ಮೂಲಕ ಬಿಡುಗಡೆ ಮಾಡಬೇಕಾಯಿತು. ಆದ್ದರಿಂದ ನಿಮ್ಮ ಬಜೆಟ್ ಪಟ್ಟಿಯ ಆದಾಯದ ಭಾಗದಲ್ಲಿ ‘ಒಟಿಟಿ’ ಎಂಬ ಸಾಲಿದ್ದರೆ, ಸಹಿ ಬಿದ್ದ ಒಪ್ಪಂದ ಕೈಗೆ ಬರುವವರೆಗೆ ಅದರ ಮುಂದೆ ಸೊನ್ನೆಯನ್ನೇ ಬರೆದಿಡುವುದು ಕ್ಷೇಮ.

ಸ್ವತಂತ್ರ ಚಿತ್ರದ ಹಣಕ್ಕೆ ಇಂಥ ಸಿದ್ಧ ಮಾರ್ಗವಿಲ್ಲ. ಬಹುಪಾಲು ಚಿತ್ರಗಳಿಗೆ ಹಣ ಹೊಂದುವುದು ಉಳಿತಾಯದಿಂದ, ಸಂಬಂಧಿಕರಿಂದ, ಸಾಫ್ಟ್‌ವೇರ್ ಕೆಲಸದಲ್ಲಿರುವ ಗೆಳೆಯರಿಂದ. ಪ್ರೇಕ್ಷಕರಿಂದಲೇ ಹಣ ಎತ್ತುವ ದಾರಿಯನ್ನು ಕನ್ನಡದಲ್ಲಿ ತೋರಿಸಿಕೊಟ್ಟದ್ದು ಪವನ್ ಕುಮಾರ್ ಅವರ ‘ಲೂಸಿಯಾ’. ನಿರ್ಮಾಪಕರು ಸಿಗದೆ ಹೋದಾಗ ಅವರು ಅಂತರ್ಜಾಲದಲ್ಲಿ ಮಾಡಿದ ಮನವಿಗೆ ನೂರಕ್ಕೂ ಹೆಚ್ಚು ಜನ ಸ್ಪಂದಿಸಿ, 27 ದಿನಗಳಲ್ಲಿ ಸುಮಾರು 50 ಲಕ್ಷ ರೂಪಾಯಿ ಕೂಡಿತು. ಚಿತ್ರ 2013ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾಯಿತು. ಹತ್ತು ವರ್ಷಗಳ ತರುವಾಯ ಪೂರ್ಣಚಂದ್ರ ತೇಜಸ್ವಿಯವರ ಓದುಗರು ಹಣ ಸೇರಿಸಿ, ಅವರ ಕತೆಯೊಂದನ್ನು ಆಧರಿಸಿ ‘ಡೇರ್‌ಡೆವಿಲ್ ಮುಸ್ತಾಫಾ’ ಚಿತ್ರವನ್ನು ತೆರೆಗೆ ತಂದರು. ಎರಡರಲ್ಲೂ ಹಣ ಕೊಟ್ಟವರಿಗೆ ಮೊದಲೇ ಒಂದು ನಂಟು ಇತ್ತು ಎಂಬುದನ್ನು ಗಮನಿಸಬೇಕು: ಒಂದರಲ್ಲಿ ನಿರ್ದೇಶಕರ ಹಿಂದಿನ ಕೆಲಸದ ಮೇಲಿನ ವಿಶ್ವಾಸ, ಇನ್ನೊಂದರಲ್ಲಿ ಲೇಖಕರ ಮೇಲಿನ ಪ್ರೀತಿ. ಇವೆರಡೂ ಇಲ್ಲದೆ ಹಣ ಕೇಳಿದರೆ ಕೊಡುವವರು ಗೆಳೆಯರಷ್ಟೇ. ಅದನ್ನು ಕ್ರೌಡ್‌ಫಂಡಿಂಗ್ ಎನ್ನುವುದಕ್ಕಿಂತ ಕೈಗಡ ಎನ್ನುವುದು ಸರಿ.

ಇಲ್ಲಿ ಕಾನೂನಿನ ಒಂದು ತೊಡಕೂ ಇದೆ. 2013ರ ಕಂಪನಿ ಕಾಯ್ದೆಯ ನಿಯಮಗಳ ಪ್ರಕಾರ, ಒಂದು ಆರ್ಥಿಕ ವರ್ಷದಲ್ಲಿ 200ಕ್ಕಿಂತ ಹೆಚ್ಚು ಜನರಿಗೆ ಖಾಸಗಿಯಾಗಿ ಷೇರು ನೀಡುವಂತಿಲ್ಲ, ಮೀರಿದರೆ ಅದನ್ನು ಸಾರ್ವಜನಿಕ ನೀಡಿಕೆ ಎಂದೇ ಪರಿಗಣಿಸಲಾಗುತ್ತದೆ. ‘ಹಣ ಕೊಡಿ, ಇಷ್ಟು ಬಡ್ಡಿ ಸೇರಿಸಿ ಹಿಂದಿರುಗಿಸುತ್ತೇವೆ’ ಎಂದು ಅಪರಿಚಿತರಿಗೆ ಭರವಸೆ ಕೊಟ್ಟರೆ ಅನಿಯಂತ್ರಿತ ಠೇವಣಿಗಳನ್ನು ನಿಷೇಧಿಸುವ 2019ರ ಕಾಯ್ದೆ ಅಡ್ಡ ಬರಬಹುದು. ಹತ್ತಾರು ಜನರಿಂದ ಹಣ ಪಡೆಯುವುದಾದರೆ, ಮೊದಲ ಕಂತಿಗೂ ಮುಂಚೆ ಲೆಕ್ಕಪರಿಶೋಧಕರನ್ನು ಕಂಡು, ಎಲ್‌ಎಲ್‌ಪಿ (ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ ಸಂಸ್ಥೆ) ಅಥವಾ ಕಂಪನಿ ಮಾಡಿಕೊಂಡು, ಪಾಲುದಾರಿಕೆಯ ಪತ್ರ ಬರೆಸಿಕೊಳ್ಳಬೇಕು. ವಾಟ್ಸ್ಆ್ಯಪ್ ಗುಂಪಿನಲ್ಲಿ ಲೆಕ್ಕ ಇಟ್ಟು ಚಿತ್ರ ಮುಗಿಸಿದವರೂ ಇದ್ದಾರೆ, ಆದರೆ ಚಿತ್ರ ಗೆದ್ದ ದಿನವೇ ಆ ಗುಂಪಿನಲ್ಲಿ ಜಗಳ ಶುರುವಾಗುತ್ತದೆ.

ರಾಜ್ಯ ಸರ್ಕಾರವು ಸಮಿತಿಯ ಮೂಲಕ ಆಯ್ದ ಚಿತ್ರಗಳಿಗೆ ಸಹಾಯಧನ ನೀಡುತ್ತದೆ. ಸಾಹಿತ್ಯ ಕೃತಿ ಆಧಾರಿತ ಚಿತ್ರಗಳಿಗೆ, ಮಕ್ಕಳ ಚಿತ್ರಗಳಿಗೆ, ತುಳು, ಕೊಡವ, ಕೊಂಕಣಿಯಂಥ ಭಾಷೆಗಳ ಚಿತ್ರಗಳಿಗೆ ಪ್ರತ್ಯೇಕ ಪರಿಗಣನೆ ಇದೆ. ಚಿತ್ರ ಮುಗಿದ ಮೇಲೆ, ಅದೂ ಸಾಕಷ್ಟು ತಡವಾಗಿ ಬರುವ ಹಣವಾದ್ದರಿಂದ ಅದನ್ನು ಬಂಡವಾಳ ಎಂದು ಎಣಿಸುವಂತಿಲ್ಲ. ಗೋವಾದಲ್ಲಿ ಪ್ರತಿವರ್ಷ ನವೆಂಬರಿನಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ (ಎನ್‌ಎಫ್‌ಡಿಸಿ) ನಡೆಸುವ ಫಿಲ್ಮ್ ಬಜಾರ್ 2007ರಿಂದ ನಡೆಯುತ್ತಿದ್ದು, ಚಿತ್ರಕತೆಯ ಹಂತದಲ್ಲಿ ಸಹನಿರ್ಮಾಪಕರನ್ನು ಹುಡುಕಲು ಮತ್ತು ಸಂಕಲನದ ಹಂತದಲ್ಲಿರುವ ಚಿತ್ರವನ್ನು ಚಿತ್ರೋತ್ಸವದವರಿಗೆ ತೋರಿಸಲು ಅಲ್ಲಿ ಅವಕಾಶವಿದೆ.

ನಡುವಣ ಮೂರನೆಯ ದಾರಿಯನ್ನು ಜನ ಗಮನಿಸುವುದು ಕಡಿಮೆ, ನನಗಂತೂ ಅದೇ ಹೆಚ್ಚು ಭರವಸೆಯದಾಗಿ ಕಾಣುತ್ತದೆ. ಹೆಸರು ಮಾಡಿದ ನಟ ಅಥವಾ ನಿರ್ದೇಶಕರು ತಮ್ಮ ಸಂಸ್ಥೆಯ ಮೂಲಕ ಹೊಸಬರ ಚಿತ್ರವನ್ನು ನಿರ್ಮಿಸುವುದು, ಇಲ್ಲವೇ ಮುಗಿದ ಚಿತ್ರವನ್ನು ‘ಅರ್ಪಿಸುವುದು’. ರಿಷಬ್ ಶೆಟ್ಟಿಯವರ ಸಂಸ್ಥೆ ನಿರ್ಮಿಸಿದ, ಜೈಶಂಕರ್ ಆರ್ಯರ್ ನಿರ್ದೇಶನದ ‘ಶಿವಮ್ಮ’ 2022ರಲ್ಲಿ ಬುಸಾನ್ ಚಿತ್ರೋತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆಯಿತು. ಇಂಥ ಚಿತ್ರದಲ್ಲಿ ಸ್ಟಾರ್ ತೆರೆಯ ಮೇಲೆ ಇರುವುದಿಲ್ಲ, ಪೋಸ್ಟರಿನ ಮೇಲ್ತುದಿಯಲ್ಲಿ ಇರುತ್ತಾರೆ. ಅಷ್ಟರಿಂದಲೇ ವಿತರಕರು ಫೋನ್ ಎತ್ತುತ್ತಾರೆ.

ಒಂದು ಟಿಕೆಟ್ಟಿನ ಲೆಕ್ಕ

ಬಿಡುಗಡೆಯ ನಂತರವೇ ಹಣ ಬರಬೇಕು ಎಂದಾದರೆ ಒಂದು ಟಿಕೆಟ್ಟಿನಿಂದ ಎಷ್ಟು ಕೈಸೇರುತ್ತದೆ ಎಂಬುದನ್ನು ತಿಳಿದಿರಬೇಕು. ನೂರು ರೂಪಾಯಿ ಮೀರಿದ ಟಿಕೆಟ್ಟಿಗೆ ಶೇ 18ರಷ್ಟು ಜಿಎಸ್‌ಟಿ ಇದೆ. ತೆರಿಗೆ ಸೇರಿ 200 ರೂಪಾಯಿಯ ಟಿಕೆಟ್ ಎಂದುಕೊಂಡರೆ, ತೆರಿಗೆ ಕಳೆದು ಉಳಿಯುವುದು ಸುಮಾರು 169 ರೂಪಾಯಿ. ಮಲ್ಟಿಪ್ಲೆಕ್ಸ್ ಅದರಲ್ಲಿ ಅರ್ಧ ಪಾಲು ಇಟ್ಟುಕೊಂಡಿತು, ವಿತರಕರು ಉಳಿದದ್ದರಲ್ಲಿ ಶೇ 10ರಷ್ಟು ಕಮಿಷನ್ ಹಿಡಿದರು ಎಂದು ಲೆಕ್ಕಕ್ಕಾಗಿ ಭಾವಿಸಿದರೆ, ನಿರ್ಮಾಪಕರಿಗೆ ಸೇರುವುದು ಸುಮಾರು 76 ರೂಪಾಯಿ. ಒಂದು ಕೋಟಿ ರೂಪಾಯಿ ಮರಳಿ ಬರಬೇಕಾದರೆ 1,31,000ಕ್ಕೂ ಹೆಚ್ಚು ಟಿಕೆಟ್ ಮಾರಾಟವಾಗಬೇಕು. ಡಿಜಿಟಲ್ ಪ್ರದರ್ಶನಕ್ಕಾಗಿ ಪ್ರತಿ ಪರದೆಗೆ ಕಟ್ಟುವ ಶುಲ್ಕವನ್ನು ಈ ಲೆಕ್ಕಕ್ಕೆ ಇನ್ನೂ ಸೇರಿಸಿಲ್ಲ. ಏಕಪರದೆ ಚಿತ್ರಮಂದಿರಗಳ ಲೆಕ್ಕ ಬೇರೆ: ಅಲ್ಲಿ ಹಲವೆಡೆ ವಾರದ ಬಾಡಿಗೆ ನಿಗದಿಯಾಗಿರುತ್ತದೆ. ಜನ ಬಂದರೆ ಉಳಿದದ್ದೆಲ್ಲ ನಿರ್ಮಾಪಕರದ್ದು, ಬಾರದಿದ್ದರೆ ಬಾಡಿಗೆಯನ್ನೂ ಕೈಯಿಂದ ಕಟ್ಟಬೇಕು. ಅಭಿಮಾನಿಗಳ ಪಡೆ ಇರುವ ನಟರ ಚಿತ್ರಕ್ಕೆ ಬಾಡಿಗೆಯ ಪದ್ಧತಿ ವರ, ಹೊಸಬರ ಚಿತ್ರಕ್ಕೆ ಅದು ಉರುಳು.

ಪಾತ್ರವರ್ಗ

ದೊಡ್ಡ ಚಿತ್ರದಲ್ಲಿ ನಟರ ಆಯ್ಕೆಯೂ ಹಣಕಾಸಿನ ಒಂದು ಸಾಧನ. ‘ಕೆಜಿಎಫ್’ ಮೊದಲ ಭಾಗ 2018ರ ಡಿಸೆಂಬರಿನಲ್ಲಿ ಐದು ಭಾಷೆಗಳಲ್ಲಿ ಬಿಡುಗಡೆಯಾಗಿ ಉತ್ತರದಲ್ಲೂ ಮಾರುಕಟ್ಟೆ ತೆರೆದ ಮೇಲೆ, 2022ರ ಎರಡನೆಯ ಭಾಗಕ್ಕೆ ಸಂಜಯ್ ದತ್ ಮತ್ತು ರವೀನಾ ಟಂಡನ್ ಬಂದದ್ದು ಕತೆಯ ಅಗತ್ಯಕ್ಕೆ ಎಷ್ಟೋ ಹಿಂದಿ ಪ್ರೇಕ್ಷಕರ ಅಗತ್ಯಕ್ಕೂ ಅಷ್ಟೇ. ಒಬ್ಬೊಬ್ಬ ಪರಿಚಿತ ಮುಖವೂ ಒಂದೊಂದು ಏರಿಯಾದ ಬೆಲೆಯನ್ನು ಏರಿಸುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಸಂಭಾವನೆಯೊಂದೇ ಆಗಿರುವುದಿಲ್ಲ. ನಾಯಕನ ದಿನಾಂಕಗಳ ಸುತ್ತ ಇಡೀ ಚಿತ್ರೀಕರಣ ಹೊಂದಿಕೊಳ್ಳಬೇಕು, ಪ್ರವೇಶದ ದೃಶ್ಯ, ಹೊಡೆದಾಟ, ಹಾಡುಗಳಿಗೆ ಚಿತ್ರಕತೆ ಜಾಗ ಬಿಡಬೇಕು. ಹದಿನೈದನೆಯ ನಿಮಿಷದಲ್ಲಿ ನಾಯಕ ಸಾಯುವ ಕತೆ ನಿಮ್ಮದಾಗಿದ್ದರೆ, ಸ್ಟಾರ್ ಬಳಿ ಹೋಗುವ ಮೊದಲು ಎರಡು ಸಲ ಯೋಚಿಸುವುದು ಒಳಿತು.

ಸ್ವತಂತ್ರ ಚಿತ್ರಕ್ಕೆ ರಂಗಭೂಮಿಯೇ ಮೊದಲ ಆಸರೆ. ಹೆಗ್ಗೋಡಿನ ನೀನಾಸಂ, ಮೈಸೂರಿನ ರಂಗಾಯಣದಲ್ಲಿ ಪಳಗಿದವರು, ಜೆ.ಪಿ. ನಗರದ ರಂಗಶಂಕರದಲ್ಲಿ ವಾರಾಂತ್ಯ ನಾಟಕವಾಡುವ ತಂಡಗಳವರು ಬೆಂಗಳೂರಿನಲ್ಲಿ ಸುಲಭವಾಗಿ ಸಿಗುತ್ತಾರೆ ಮತ್ತು ತಾಲೀಮಿಗೆ ಸಮಯ ಕೊಡುತ್ತಾರೆ. ಸ್ಟಾರ್ ಚಿತ್ರಗಳಲ್ಲಿ ದುಡ್ಡು ಕೊಟ್ಟರೂ ಸಿಗದ ವಸ್ತು ಈ ತಾಲೀಮು. ಇನ್ನೂ ಮುಂದೆ ಹೋಗಿ, ಕ್ಯಾಮೆರಾ ಎದುರಿಸಿಯೇ ಇಲ್ಲದವರನ್ನು ಆರಿಸುವ ಪರಿಪಾಟವೂ ಇದೆ. ರಾಮ್ ರೆಡ್ಡಿಯವರ ‘ತಿಥಿ’ಯಲ್ಲಿ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಸುತ್ತಲಿನ ಹಳ್ಳಿಗರೇ ನಟಿಸಿದರು, ಚಿತ್ರ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಪಡೆಯಿತು. ‘ಶಿವಮ್ಮ’ದ ಮುಖ್ಯ ಪಾತ್ರ ಮಾಡಿದ ಶರಣಮ್ಮ ಚೆಟ್ಟಿ ಕೂಡ ವೃತ್ತಿಯ ನಟಿಯಲ್ಲ.

ಇದು ಅಗ್ಗದ ದಾರಿ ಎಂದು ಭಾವಿಸುವುದು ಮಾತ್ರ ತಪ್ಪು. ಸಂಭಾವನೆಯಲ್ಲಿ ಉಳಿದ ಹಣ ದಿನಗಳ ರೂಪದಲ್ಲಿ ಹೊರಗೆ ಹರಿಯುತ್ತದೆ. ನಟನೆ ಗೊತ್ತಿಲ್ಲದವರಿಂದ ಒಂದು ದೃಶ್ಯ ತೆಗೆಯಲು ಹೆಚ್ಚು ಟೇಕ್ ಬೇಕು, ಊರಿನಲ್ಲಿ ಕೊಯ್ಲು ಬಂದರೆ ನಿಮ್ಮ ನಟರು ಹೊಲಕ್ಕೆ ಹೋಗುತ್ತಾರೆ. ಮುಖ್ಯವಾಗಿ, ಅವರು ಸ್ಟುಡಿಯೊದ ಕತ್ತಲಲ್ಲಿ ಕುಳಿತು ತಮ್ಮ ತುಟಿಚಲನೆಗೆ ಮಾತು ಹೊಂದಿಸಿ ಡಬ್ಬಿಂಗ್ ಮಾಡಲಾರರು, ಮಾಡಿದರೂ ಮಾತಿನ ಜೀವ ಹೋಗಿಬಿಡುತ್ತದೆ. ಆದ್ದರಿಂದ ಸ್ಥಳದಲ್ಲೇ ಧ್ವನಿ ಗ್ರಹಿಸಬೇಕು, ಅದಕ್ಕೆ ಒಳ್ಳೆಯ ಧ್ವನಿತಜ್ಞರೂ ನಿಶ್ಶಬ್ದದ ಜಾಗವೂ ಬೇಕು. ಹಳ್ಳಿಯಲ್ಲಿ ಇದು ಹೇಗೋ ಆದೀತು. ಬೆಂಗಳೂರಿನ ವಠಾರದ ಕತೆಯಾದರೆ, ಹಾರ್ನ್, ಕೊಳವೆಬಾವಿ ಕೊರೆಯುವ ಸದ್ದು, ಪಕ್ಕದ ಮನೆಯ ಟೈಲ್ಸ್ ಕತ್ತರಿಸುವ ಯಂತ್ರ, ಇವುಗಳ ನಡುವೆ ದಿನಕ್ಕೆ ಎಷ್ಟು ಗಂಟೆ ನಿಜವಾಗಿ ಚಿತ್ರೀಕರಣಕ್ಕೆ ದಕ್ಕುತ್ತದೆ ಎಂಬುದನ್ನು ಮೊದಲೇ ಹೋಗಿ ಕುಳಿತು ಕೇಳಿಸಿಕೊಂಡು ಬರಬೇಕು.

ಪ್ರಚಾರ ಮತ್ತು ಬಿಡುಗಡೆ

ಸ್ಟಾರ್ ಚಿತ್ರದ ಪ್ರಚಾರ ಮುಹೂರ್ತದ ದಿನದಿಂದಲೇ ನಡೆಯುತ್ತಿರುತ್ತದೆ. ಶೀರ್ಷಿಕೆಯ ಘೋಷಣೆ, ನಾಯಕನ ಹುಟ್ಟುಹಬ್ಬಕ್ಕೆ ಫಸ್ಟ್ ಲುಕ್, ಟೀಸರ್, ಒಂದೊಂದೇ ಹಾಡು, ಪ್ರೀ ರಿಲೀಸ್ ಸಮಾರಂಭ, ಕೊನೆಗೆ ಕೆ.ಜಿ. ರಸ್ತೆಯಲ್ಲಿ ಕಟೌಟು ಮತ್ತು ಹಾಲಿನ ಅಭಿಷೇಕ. ಇದರ ಗುರಿ ಒಂದೇ: ಶುಕ್ರವಾರದಿಂದ ಭಾನುವಾರದವರೆಗಿನ ಮೂರು ದಿನಗಳಲ್ಲಿ, ಚಿತ್ರದ ಗುಣಾವಗುಣಗಳ ಸುದ್ದಿ ಹರಡುವುದಕ್ಕೆ ಮೊದಲು, ಸಾಧ್ಯವಾದಷ್ಟು ಟಿಕೆಟ್ ಮಾರುವುದು. ಹಾಗಾಗಿ ನೂರಾರು ಪರದೆಗಳು ಏಕಕಾಲಕ್ಕೆ ಬೇಕಾಗುತ್ತವೆ.

ಸ್ವತಂತ್ರ ಚಿತ್ರ ಇದೇ ಕ್ರಮವನ್ನು ಚಿಕ್ಕ ಪ್ರಮಾಣದಲ್ಲಿ ಅನುಕರಿಸುವುದು ನಾನು ಮತ್ತೆ ಮತ್ತೆ ಕಂಡಿರುವ ತಪ್ಪು. ಗೊತ್ತಿಲ್ಲದ ಮುಖಗಳ ಚಿತ್ರವನ್ನು ಎಂಬತ್ತು ಪರದೆಗಳಲ್ಲಿ ಹಾಕಿದರೆ, ಪ್ರತಿ ಪರದೆಯಲ್ಲೂ ಏಳೆಂಟು ಜನ ಕುಳಿತಿರುತ್ತಾರೆ, ಸೋಮವಾರ ಮಲ್ಟಿಪ್ಲೆಕ್ಸಿನವರು ಪ್ರದರ್ಶನಗಳನ್ನು ಕಿತ್ತುಹಾಕುತ್ತಾರೆ, ಚಿತ್ರ ಚೆನ್ನಾಗಿದೆ ಎಂಬ ಮಾತು ಬುಧವಾರ ಕಿವಿಗೆ ಬೀಳುವ ಹೊತ್ತಿಗೆ ನೋಡಲು ಪ್ರದರ್ಶನವೇ ಇರುವುದಿಲ್ಲ. ಈಚಿನ ವರ್ಷಗಳಲ್ಲಿ ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ಕನ್ನಡ ಚಿತ್ರಗಳು ತೆರೆಗೆ ಬರುತ್ತಿವೆ; ಒಂದೇ ಶುಕ್ರವಾರ ನಾಲ್ಕೈದು ಬಿಡುಗಡೆಯಾದಾಗ ಜಾಗ ಕೊಡುವವರು ಯಾರು? ಬಾಯಿಮಾತನ್ನು ನಂಬಿದ ಚಿತ್ರಕ್ಕೆ ಕಡಿಮೆ ಪರದೆ ಮತ್ತು ಹೆಚ್ಚು ದಿನ ಬೇಕು. ಸಂಜೆಯ ಒಂದು ಪ್ರದರ್ಶನ ಬೆಳಗಿನ ಹತ್ತು ಗಂಟೆಯ ಮೂರು ಪ್ರದರ್ಶನಗಳಿಗಿಂತ ಬೆಲೆಯುಳ್ಳದ್ದು, ಮಾತುಕತೆಯಲ್ಲಿ ಪಟ್ಟು ಹಿಡಿಯಬೇಕಾದದ್ದು ಅದಕ್ಕೆ.

ಜೆ.ಪಿ. ತುಮಿನಾಡು ಅವರ ‘ಸು ಫ್ರಮ್ ಸೋ’ ಈ ಮಾತಿಗೆ ಒಳ್ಳೆಯ ನಿದರ್ಶನ. 2025ರ ಜುಲೈ 25ರ ಬಿಡುಗಡೆಗೆ ಮೊದಲೇ ಕೆಲವು ಊರುಗಳಲ್ಲಿ ಟಿಕೆಟ್ ಇಟ್ಟು ಪ್ರೀಮಿಯರ್ ನಡೆಸಿದ್ದರಿಂದ, ಚಿತ್ರ ನೋಡಿದವರ ಮಾತು ಶುಕ್ರವಾರಕ್ಕೂ ಮುಂಚೆ ಬೆಂಗಳೂರಿಗೆ ತಲುಪಿತ್ತು, ಆಮೇಲೆ ಪ್ರದರ್ಶನಗಳು ಬೆಳೆಯುತ್ತ ಹೋದವು. ಆದರೆ ಆ ಚಿತ್ರದ ಹಿಂದೆ ರಾಜ್ ಬಿ. ಶೆಟ್ಟಿಯವರ ಸಂಸ್ಥೆ ಇತ್ತು ಎಂಬುದನ್ನು ಮರೆತು, ಪ್ರೀಮಿಯರ್ ಮಾಡಿದರೆ ಸಾಕು ಎಂದುಕೊಳ್ಳಬಾರದು. ‘ಕಾಂತಾರ’ದ ನಡೆಯೂ ಕುತೂಹಲದ್ದು. ದೊಡ್ಡ ಸಂಸ್ಥೆಯ ಚಿತ್ರವಾಗಿದ್ದರೂ 2022ರ ಸೆಪ್ಟೆಂಬರ್ 30ರಂದು ಅದು ಮೊದಲು ಕನ್ನಡದಲ್ಲಿ ಮಾತ್ರ ಬಿಡುಗಡೆಯಾಯಿತು, ಬೇಡಿಕೆ ಎದ್ದ ಮೇಲೆ ಅಕ್ಟೋಬರ್ 14ರಂದು ಹಿಂದಿಗೆ ಹೋಯಿತು. ಐದು ಭಾಷೆಗಳಿಗೆ ಒಂದೇ ದಿನ ಪ್ರಚಾರದ ಹಣ ಸುರಿಯುವ ಬದಲು, ಒಂದು ಭಾಷೆಯ ಗಳಿಕೆಯಿಂದ ಇನ್ನೊಂದಕ್ಕೆ ಖರ್ಚು ಮಾಡುವ ಈ ಕ್ರಮ ಚಿಕ್ಕವರಿಗೇ ಹೆಚ್ಚು ಹೊಂದುತ್ತದೆ.

ಚಿತ್ರೋತ್ಸವದ ಪ್ರಶಸ್ತಿಯೂ ಪ್ರಚಾರವೇ, ಆದರೆ ಅದಕ್ಕೆ ಅವಧಿ ಇದೆ. ಲೊಕಾರ್ನೊದಿಂದ ಕರ್ನಾಟಕದ ಚಿತ್ರಮಂದಿರಕ್ಕೆ ಬರಲು ‘ತಿಥಿ’ಗೆ ಸುಮಾರು ಒಂಬತ್ತು ತಿಂಗಳು ಹಿಡಿಯಿತು, ಬುಸಾನಿನಿಂದ ಬರಲು ‘ಶಿವಮ್ಮ’ನಿಗೆ ಒಂದೂವರೆ ವರ್ಷಕ್ಕೂ ಹೆಚ್ಚು ಬೇಕಾಯಿತು. ಬಡ್ಡಿಯ ಹಣದಲ್ಲಿ ಚಿತ್ರ ಮಾಡಿದವರು ಇಷ್ಟು ಕಾಯಲಾರರು. ಉತ್ಸವದ ದಾರಿ ಬಡ್ಡಿಯಿಲ್ಲದ ಹಣಕ್ಕೆ ಮಾತ್ರ ತೆರೆದಿರುವ ದಾರಿ.

ಹಾಗಾದರೆ ಯಾವುದನ್ನು ಆರಿಸುವುದು

ಕತೆಗೆ ಯುದ್ಧ, ಸೆಟ್ಟು, ಗ್ರಾಫಿಕ್ಸ್, ನೂರಾರು ಸಹ ಕಲಾವಿದರು ಬೇಕೇ ಬೇಕೆಂದಾದರೆ ಸ್ಟಾರ್ ಇಲ್ಲದೆ ಆ ಹಣ ಹುಟ್ಟುವುದಿಲ್ಲ. ಅಲ್ಲಿ ಚಿಕ್ಕದಾಗಿ ಮಾಡುವ ಪ್ರಯತ್ನ ಅರ್ಧಕ್ಕೇ ನಿಲ್ಲುತ್ತದೆ. ಎರಡು ಮನೆ, ಒಂದು ಬೀದಿ, ಆರು ಪಾತ್ರಗಳ ಕತೆಯಾಗಿದ್ದು, ಕೊನೆಯ ಸಂಕಲನ ನಿಮ್ಮ ಕೈಯಲ್ಲೇ ಇರಬೇಕೆಂಬ ಹಟವಿದ್ದರೆ ಸ್ವತಂತ್ರ ದಾರಿ ಸರಿ, ಆದರೆ ಪೂರ್ತಿ ಮುಳುಗಿದರೂ ಮನೆಯ ಮೇಲಿನ ಸಾಲವಾಗದಷ್ಟು ಹಣದಲ್ಲಿ ಮಾತ್ರ. ಹಿಂದಿನ ಕೆಲಸವೊಂದು, ಅದು ಕಿರುಚಿತ್ರವೇ ಆಗಿರಲಿ, ತೋರಿಸಲು ಇದ್ದರೆ ಮೊದಲು ಮೂರನೆಯ ದಾರಿಯನ್ನು ತಟ್ಟಿ ನೋಡಿ. ಅಲ್ಲಿ ಹಕ್ಕಿನ ಒಂದು ಪಾಲು ಬಿಟ್ಟುಕೊಡಬೇಕಾಗುತ್ತದೆ, ಮೊದಲ ಚಿತ್ರದ ಮಟ್ಟಿಗೆ ಅದು ನ್ಯಾಯವಾದ ವ್ಯವಹಾರ. ಯಾವ ದಾರಿಯಾದರೂ ಪ್ರಚಾರದ ಹಣವನ್ನು ಚಿತ್ರೀಕರಣದ ಖಾತೆಯಿಂದ ಬೇರೆಯಾಗಿ ಇಡಬೇಕು. ಚಿತ್ರೀಕರಣ ಮುಗಿಸಿ ಕುಂಬಳಕಾಯಿ ಒಡೆಯುವ ದಿನ ಪ್ರಚಾರದ ಖಾತೆಯಲ್ಲಿ ಏನೂ ಉಳಿದಿಲ್ಲ ಎಂದಾದರೆ ಚಿತ್ರ ಹಾರ್ಡ್ ಡಿಸ್ಕಿನಲ್ಲೇ ಕುಳಿತಿರುತ್ತದೆ.

ಕಾಗದಪತ್ರದ ಕೆಲಸ ಎರಡೂ ಕಡೆ ಒಂದೇ. ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಶೀರ್ಷಿಕೆಯ ನೋಂದಣಿ, ಬಿಡುಗಡೆಗೆ ಮೊದಲು ಸೆನ್ಸಾರ್ ಪ್ರಮಾಣಪತ್ರ. ದೊಡ್ಡ ಸಂಸ್ಥೆಯಲ್ಲಿ ಇದನ್ನು ನೋಡಿಕೊಳ್ಳಲು ಜನರಿರುತ್ತಾರೆ, ಚಿಕ್ಕ ತಂಡದಲ್ಲಿ ನಿರ್ದೇಶಕರೇ ಓಡಾಡಬೇಕು. ಹಳ್ಳಿಯ ಕತೆ ಮಾಡುವವರು ಮರೆಯುವ ಒಂದು ಅನುಮತಿಯನ್ನು ಮಾತ್ರ ಇಲ್ಲಿ ಹೇಳಿಬಿಡುತ್ತೇನೆ: ಎತ್ತಿನ ಗಾಡಿಯೇ ಇರಲಿ, ಅಂಗಳದ ಕೋಳಿಯೇ ಇರಲಿ, ಪ್ರಾಣಿಯನ್ನು ಬಳಸಿ ಚಿತ್ರೀಕರಿಸುವುದಾದರೆ ಪ್ರಾಣಿ ಕಲ್ಯಾಣ ಮಂಡಳಿಯ ಒಪ್ಪಿಗೆಯನ್ನು ಚಿತ್ರೀಕರಣಕ್ಕೂ ಮೊದಲೇ ಪಡೆಯಬೇಕು. ಚಿತ್ರ ಮುಗಿದ ಮೇಲೆ ನೆನಪಾದರೆ, ಆ ದೃಶ್ಯವನ್ನು ಕತ್ತರಿಸುವುದೋ, ಇರುವ ಎತ್ತನ್ನು ಅಳಿಸಿ ಗ್ರಾಫಿಕ್ಸ್ ಎತ್ತನ್ನು ಕೂರಿಸಲು ದುಡ್ಡು ಹುಡುಕುವುದೋ, ಎರಡರಲ್ಲಿ ಒಂದು ಆಗಬೇಕಾಗುತ್ತದೆ.